ಗಲ್ಫ್ ಶಾಲೆಯ ಟೀಚರುಗಳಿಗೆ ಕೊನೆಗೆ ಉಳಿಯುವುದೆಷ್ಟು?

ಆಗಸ್ಟ್ ಕೊನೆಯ ವಾರ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಯಾರನ್ನಾದರೂ ಬಿಡಲು ಹೋದರೆ, ಸಾಲಿನಲ್ಲಿ ನಿಂತವರಲ್ಲಿ ಟೀಚರುಗಳು ಯಾರು ಎಂದು ನಾನು ದೂರದಿಂದಲೇ ಹೇಳಬಲ್ಲೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರು. ಆ ದುಂಡು ಅಕ್ಷರ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಕೈಯದ್ದು. ಗಲ್ಫಿನ ಶಾಲೆಗಳು ಬೇಸಿಗೆ ರಜೆ ಮುಗಿಸಿ ಬಾಗಿಲು ತೆರೆಯುವ ಹೊತ್ತು ಅದು. ಟಿಕೆಟ್ ದರವೂ ಆಕಾಶಕ್ಕೇರುವ ಹೊತ್ತು. ಓಣಂ ಬೀಳುವುದೂ ಹೆಚ್ಚಾಗಿ ಅದೇ ದಿನಗಳಲ್ಲಿ ಅಥವಾ ಅದರ ಬೆನ್ನಿಗೆ. ಅಂಗಳದಲ್ಲಿ ಪೂಕ್ಕಳಂ ಹಾಕುವ ಮೊದಲೇ ಟೀಚರ್ ಹೊರಟಿರುತ್ತಾರೆ. ಗಲ್ಫಿನಲ್ಲಿ ಮಲಯಾಳಿಗಳ ಓಣಂ ವಾರಕ್ಕೊಂದು ಸಂಘದಂತೆ ತಿಂಗಳುಗಟ್ಟಲೆ ನಡೆಯುತ್ತದೆ ಎಂದು ನಾವು ತಮಾಷೆ ಮಾಡುತ್ತೇವೆ. ನಮ್ಮ ರಾಜ್ಯೋತ್ಸವ ಜನವರಿವರೆಗೆ ಎಳೆಯುವುದನ್ನು ಅವರು ನೋಡಿಲ್ಲ, ಅಷ್ಟೇ.

ಮರುಭೂಮಿಗೆ ದುಡಿಯಲು ಹೋದವರ ಕಥೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಗಂಡಸು: ಕಟ್ಟಡ ಕೆಲಸದವನು, ಡ್ರೈವರ್, ಅಂಗಡಿಯವನು. ಬೆನ್ಯಾಮಿನ್ ಅವರ 'ಆಡುಜೀವಿತಂ' 2008ರಲ್ಲಿ ಬಂತು, 2024ರಲ್ಲಿ ಸಿನಿಮಾ ಆಯಿತು. ಆಡು ಮೇಯಿಸುವವನ ಕಷ್ಟ ಲೋಕಕ್ಕೆಲ್ಲ ಗೊತ್ತಾಯಿತು. ಗೊತ್ತಾಗಬೇಕಾದ್ದೇ. ಆದರೆ ಅದೇ ಮರಳಿನಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಓದು ಬರಹ ಕಲಿಸಿದ ಹೆಂಗಸರ ಬಗ್ಗೆ ಬರೆದದ್ದು ಕಡಿಮೆ. ಅವರಿಗೆ ಹೊಡೆತ ಬೀಳಲಿಲ್ಲ, ಊಟಕ್ಕೆ ಕೊರತೆಯಾಗಲಿಲ್ಲ. ಹಾಗಾಗಿ ಕಥೆಯೂ ಇಲ್ಲ ಎಂದು ನಾವು ಅಂದುಕೊಂಡಿದ್ದೇವೆ.

ನಾನೂ ಅವರಲ್ಲೊಬ್ಬಳು. ಊರು ಬದಿಯಡ್ಕದ ಹತ್ತಿರ. ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಶಾರ್ಜಾದ ಒಂದು ಭಾರತೀಯ ಶಾಲೆಯಲ್ಲಿ 11 ವರ್ಷ ವಿಜ್ಞಾನ ಪಾಠ. ಈಗ ಗಂಡನ ಕೆಲಸದಿಂದಾಗಿ ಆಲುವದಲ್ಲಿ ಮನೆ. ನಮ್ಮ ಓಣಿಯಲ್ಲೇ ಗಲ್ಫಿನಿಂದ ಮರಳಿದ ಟೀಚರುಗಳು ನಾಲ್ವರಿದ್ದಾರೆ. ವಿಮಾನ ನಿಲ್ದಾಣಕ್ಕೆ ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರು. 1999ರಲ್ಲಿ ಅದು ಶುರುವಾದ ಮೇಲೆ ಈ ಕಡೆ ಜಾಗ ಕೊಂಡ ಗಲ್ಫಿನವರು ಬಹಳ. ಆ ನಿಲ್ದಾಣ ಕಟ್ಟಿದ್ದರಲ್ಲಿ 30 ದೇಶಗಳ ಸುಮಾರು 10 ಸಾವಿರ ಅನಿವಾಸಿಗಳ ಷೇರು ಹಣವೂ ಇದೆ. ನಮ್ಮ ಎದುರು ಮನೆಯ ಚೇಚಿಯ ಬೀರುವಿನಲ್ಲಿ ಅಂಥ ಒಂದು ಷೇರು ಪತ್ರ ಇದೆ. 'ನನ್ನ ಟೀಚರ್ ಕೆಲಸದಿಂದ ಊರಲ್ಲಿ ಕಣ್ಣಿಗೆ ಕಾಣುವ ಹಾಗೆ ಉಳಿದದ್ದು ಇದೊಂದೇ' ಎಂದು ನಗುತ್ತಾರೆ. ಗಣಿತದ ಟೀಚರ್ ಅವರು. ಮೊದಲು ಕುವೈತ್, ಆಮೇಲೆ ಯುಎಇ.

ಮರುಭೂಮಿಯಲ್ಲಿ ಶಾಲೆ ಬಂದದ್ದೇ ತಡವಾಗಿ. ಶಾರ್ಜಾದಲ್ಲಿ ಕಾಸಿಮಿಯಾ ಶಾಲೆ 1953ರಲ್ಲಿ ಶುರುವಾದಾಗ ಅಲ್ಲಿಗೆ ಮೇಷ್ಟ್ರುಗಳನ್ನು ಕಳಿಸಿದ್ದು ಕುವೈತ್. ಭಾರತೀಯ ಮಕ್ಕಳ ಶಾಲೆಗಳನ್ನು ಕಟ್ಟಿಕೊಂಡದ್ದು ವಲಸೆ ಹೋದವರೇ: ಬಹ್ರೈನಿನಲ್ಲಿ 1950, ದುಬೈಯ ಇಂಡಿಯನ್ ಹೈಸ್ಕೂಲ್ 1961, ಅಬುಧಾಬಿ ಮತ್ತು ಮಸ್ಕತ್ತಿನಲ್ಲಿ 1975. ಕೇರಳದ ರಾನ್ನಿಯಿಂದ 1959ರಲ್ಲಿ ದುಬೈಗೆ ಹೋದ ಮರಿಯಮ್ಮ ವರ್ಕಿ ಅವರು ಮೊದಲು ಅರಬರಿಗೆ ಇಂಗ್ಲಿಷ್ ಹೇಳಿಕೊಟ್ಟು, 1968ರಲ್ಲಿ ಗಂಡನ ಜೊತೆ ಒಂದು ಶಾಲೆ ತೆರೆದರು. ಅದೇ ಬೆಳೆದು ಇಂದಿನ ಜೆಮ್ಸ್ ಆಯಿತು. ಅವರ ಮಗ ಸನ್ನಿ ವರ್ಕಿ ಸ್ಥಾಪಿಸಿದ ಪ್ರತಿಷ್ಠಾನ ಜಗತ್ತಿನ ಒಬ್ಬ ಶ್ರೇಷ್ಠ ಶಿಕ್ಷಕರಿಗೆ 10 ಲಕ್ಷ ಡಾಲರ್ ಬಹುಮಾನ ಕೊಡುತ್ತದೆ. ಮೊದಲ ಬಹುಮಾನ 2015ರಲ್ಲಿ. ಒಬ್ಬ ಟೀಚರಿನ ಮನೆಪಾಠದಿಂದ ಶುರುವಾದ ವ್ಯವಹಾರ ಅಷ್ಟೆತ್ತರಕ್ಕೆ ಬೆಳೆಯಿತು. ಆದರೆ ಆ ನಾಡಿನ ಸಾಮಾನ್ಯ ಟೀಚರಿನ ಲೆಕ್ಕ ಬೇರೆ.

ಅವರು ಅಲ್ಲಿಗೆ ಹೋದದ್ದೇಕೆ? ಬಹುಪಾಲು ಕಾರಣ ಕೇರಳದಲ್ಲೇ ಇದೆ. 1958ರ ಶಿಕ್ಷಣ ಕಾಯಿದೆಯ ನಂತರ ಅನುದಾನಿತ ಶಾಲೆಗಳ ಸಂಬಳ ಸರ್ಕಾರದ್ದು, ನೇಮಕ ಮಾತ್ರ ಮ್ಯಾನೇಜರನದ್ದು. ಆ ನೇಮಕಕ್ಕೆ 'ಡೊನೇಷನ್' ಎಂಬ ಹೆಸರಿನಲ್ಲಿ ಲಕ್ಷಗಳ ಮಾತಾಗುತ್ತದೆ ಎಂಬುದು ಇಲ್ಲಿ ಚಹಾದಂಗಡಿಗೂ ಗೊತ್ತಿರುವ ವಿಷಯ. ಕೊಡಲಾರದವರಿಗೆ ಪಿಎಸ್‌ಸಿ. ಹೈಸ್ಕೂಲ್ ಟೀಚರಿಗೆ ಸಾಮಾನ್ಯ ವರ್ಗದಲ್ಲಿ 40 ವಯಸ್ಸಿನ ಮಿತಿ, ರ‍್ಯಾಂಕ್ ಲಿಸ್ಟಿನಲ್ಲಿ ಕಾಯುವ ವರ್ಷಗಳು. ನಮ್ಮ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಬಿ.ಎಡ್. ಮಾಡಿದವರಿಗೆ ಇದರ ಮೇಲೆ ಇನ್ನೊಂದು ಹೊರೆ: ಹುದ್ದೆ ಇರುವುದೇ ಕಡಿಮೆ, ಇದ್ದದ್ದಕ್ಕೂ ಕನ್ನಡ ಬಾರದವರ ನೇಮಕವಾಗಿ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ನಾವು ನೋಡಿದ್ದೇವೆ. ಹೀಗಿರುವಾಗ ಮದುವೆಯಾಗಿ ಗಂಡ ದುಬೈಯಲ್ಲಿದ್ದರೆ ಬಿ.ಎಡ್. ಸರ್ಟಿಫಿಕೇಟು ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೋಗುತ್ತಾರೆ.

ಸರ್ಕಾರಿ ಕೆಲಸ ಸಿಕ್ಕವರೂ ಹೋದರು. ಸಂಬಳವಿಲ್ಲದ ರಜೆ ಹಾಕಿ ವಿದೇಶದಲ್ಲಿ ದುಡಿಯಲು ಕೇರಳದ ಸೇವಾ ನಿಯಮ ಒಟ್ಟು 20 ವರ್ಷದವರೆಗೆ ಅವಕಾಶ ಕೊಟ್ಟಿತ್ತು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. 2020ರಲ್ಲಿ ಸರ್ಕಾರ ಅದನ್ನು 5 ವರ್ಷಕ್ಕೆ ಇಳಿಸಿತು. ಇಲ್ಲಿ ಕಾಯುತ್ತಿರುವ ಉದ್ಯೋಗಾರ್ಥಿಯ ಕಣ್ಣಿಂದ ನೋಡಿದರೆ ಅದು ಸರಿಯಾದ ತೀರ್ಮಾನ. ಆದರೆ ಹಲವರಿಗೆ ಊರಿನ ಕೆಲಸವೋ ಅಲ್ಲಿಯ ಸಂಸಾರವೋ ಎಂದು ಒಂದನ್ನು ಬಿಡಬೇಕಾಯಿತು.

ಅಲ್ಲಿಯ ದಿನಚರಿಯನ್ನು ಓದುಗರಲ್ಲಿ ಅನೇಕರು ಮಕ್ಕಳನ್ನು ಬಸ್ಸಿಗೆ ಹತ್ತಿಸುವ ಹೆತ್ತವರಾಗಿ ಕಂಡಿದ್ದೀರಿ. ಟೀಚರಿನ ಕಡೆಯಿಂದ ಅದು ನಾಲ್ಕೂವರೆಗೆ ಶುರು. ಕತ್ತಲಲ್ಲೇ ಅಡುಗೆ, ಕತ್ತಲಲ್ಲೇ ಬಸ್ಸು. ಬಸ್ಸಿನಲ್ಲೂ ಡ್ಯೂಟಿ: ಮಕ್ಕಳನ್ನು ಎಣಿಸಿ ಹತ್ತಿಸುವುದು, ಎಣಿಸಿ ಇಳಿಸುವುದು. ಜೂನ್ ತಿಂಗಳಲ್ಲಿ 45 ಡಿಗ್ರಿ ಸೆಕೆಯಲ್ಲಿ ನಿಂತ ಬಸ್ಸಿನಲ್ಲಿ ಒಂದು ಮಗು ನಿದ್ದೆ ಹೋಗಿ ಉಳಿದುಬಿಟ್ಟರೆ ಏನಾಗುತ್ತದೆ ಎಂಬ ಹೆದರಿಕೆ ಎಷ್ಟು ಒಳಗಿಳಿದಿದೆಯೆಂದರೆ, ಊರಿಗೆ ಬಂದು ವರ್ಷಗಳಾದರೂ ಬಸ್ಸಿನಿಂದ ಇಳಿಯುವ ಮೊದಲು ನಾನು ಹಿಂದಿನ ಸೀಟಿನವರೆಗೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಧೂಳಿನ ಗಾಳಿ ಬೀಸಿದ ದಿನ ಕಿಟಕಿ ಎಷ್ಟು ಮುಚ್ಚಿದರೂ ಮಕ್ಕಳ ಪುಸ್ತಕದ ಮೇಲೆ ನಯವಾದ ಮರಳು ಕೂರುತ್ತದೆ. ಜಾಗ ಸಾಲದ ಶಾಲೆಗಳಲ್ಲಿ ಎರಡು ಪಾಳಿ. ಮಧ್ಯಾಹ್ನದ ಪಾಳಿಯ ಟೀಚರ್ ಮನೆ ಸೇರುವಾಗ ಅವರದೇ ಮಕ್ಕಳು ಮಲಗುವ ಹೊತ್ತು.

ಪಾಠದ ವರ್ಷವೂ ವಿಚಿತ್ರ. ಸಿಬಿಎಸ್‌ಇ ಲೆಕ್ಕದಲ್ಲಿ ಏಪ್ರಿಲಿನಲ್ಲಿ ಹೊಸ ತರಗತಿ ಶುರು, ಮಕ್ಕಳ ಹೆಸರು ಬಾಯಿಗೆ ಬರುವ ಹೊತ್ತಿಗೆ ಜುಲೈ ಆಗಸ್ಟ್ ರಜೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮುಂಗಾರು, ಗದ್ದೆ, ಕೆರೆ, ಕಿಟಕಿಯಾಚೆ ಮರಳು. ಒಮ್ಮೆ ಊರಿನಿಂದ ಒಣಗಿದ ಭತ್ತದ ತೆನೆ ಒಯ್ದು ಆರನೇ ತರಗತಿಯಲ್ಲಿ ತೋರಿಸಿದೆ. ಎಲ್ಲರೂ ಮುಟ್ಟಿ ನೋಡಿದರು. ಹಿಂದಿನ ಬೆಂಚಿನ ಹುಡುಗ ಕೇಳಿದ: 'ಮಿಸ್, ಇದರಲ್ಲಿ ಅನ್ನ ಎಲ್ಲಿದೆ?' ಉಗುರಿನಿಂದ ಹೊಟ್ಟು ಸುಲಿದು ಒಂದೊಂದು ಅಕ್ಕಿ ತೆಗೆಯುತ್ತಾ ಆ ಇಡೀ ಪಿರಿಯಡ್ ಕಳೆಯಿತು. ಯಾವ ಇನ್‌ಸ್ಪೆಕ್ಷನ್ ವರದಿಯಲ್ಲೂ ಅದು ಬರಲಿಲ್ಲ, ಬರುವಂಥದ್ದೂ ಅಲ್ಲ. ದುಬೈಯಲ್ಲಿ 2008ರಿಂದ ಶಾಲೆಗಳ ತಪಾಸಣೆ, ದರ್ಜೆ ಕೊಡುವುದು ಬಂತು. ಶುಲ್ಕ ಎಷ್ಟು ಏರಿಸಬಹುದೆಂಬುದೂ ಆ ದರ್ಜೆಗೆ ಜೋಡಣೆಯಾಯಿತು. ದರ್ಜೆ ಏರಿದರೆ ಶಾಲೆಗೆ ಆದಾಯ. ಅದಕ್ಕಾಗಿ ರಾತ್ರಿ ಕೂತು ಫೈಲು ತುಂಬುವುದು ಟೀಚರ್.

ಕಾಗದಪತ್ರದ ವಿಷಯ ಬಿಡುವಂತಿಲ್ಲ. ಕೇರಳದ ಟೀಚರಿನ ಪದವಿ ಪತ್ರ ಗಲ್ಫಿನಲ್ಲಿ ನಡೆಯಬೇಕಾದರೆ ನೋರ್ಕಾ, ದೆಹಲಿ, ಆಮೇಲೆ ಆಯಾ ದೇಶದ ದೂತಾವಾಸ ಎಂದು ಮುದ್ರೆಗಳ ಯಾತ್ರೆ ಮುಗಿಸಬೇಕು. 2016ರಲ್ಲಿ ತಿರುವನಂತಪುರದಲ್ಲೇ ಯುಎಇ ಕಾನ್ಸುಲೇಟ್ ತೆರೆದ ಮೇಲೆ ಸ್ವಲ್ಪ ಹಗುರವಾಯಿತು. ಅಷ್ಟಾದರೂ 2018ರ ಸುಮಾರಿಗೆ ಒಂದು ಗಂಡಾಂತರ ಬಂತು. ಟೀಚರುಗಳ ಪದವಿ ಅಲ್ಲಿನ ಪದವಿಗೆ ಸಮಾನ ಎಂಬ ಪ್ರಮಾಣಪತ್ರ ಕಡ್ಡಾಯ. ನಮ್ಮ ಅಂಕಪಟ್ಟಿಗಳಲ್ಲಿ 'ಇಂಟರ್ನಲ್', 'ಎಕ್ಸ್‌ಟರ್ನಲ್' ಎಂದು ಎರಡು ಕಾಲಂ ಇರುತ್ತದಲ್ಲ, ಆ 'ಎಕ್ಸ್‌ಟರ್ನಲ್' ಕಂಡು ಇವರು ಕಾಲೇಜಿಗೇ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಿದವರು ಎಂಬ ಅನುಮಾನ! ಭಾರತೀಯ ರಾಯಭಾರ ಕಚೇರಿ ನಡುವೆ ಬಂದು ಬಿಡಿಸಿ ಹೇಳಬೇಕಾಯಿತು. ಕೇರಳದ ಪ್ಯಾರಲಲ್ ಕಾಲೇಜುಗಳಲ್ಲಿ ಓದಿ ಖಾಸಗಿಯಾಗಿ ಪರೀಕ್ಷೆ ಬರೆದವರ ಪಾಡು ಇನ್ನೂ ಕಷ್ಟವಾಯಿತು. ಅವರೇನೂ ಕಳ್ಳದಾರಿ ಹಿಡಿದವರಲ್ಲ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಗದ ಬಡವರ ಮಕ್ಕಳು. ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು ಒಂದು ಕಾಗದ ಮನೆಗೆ ಕಳಿಸಬಹುದು ಎಂದು ಆ ವರ್ಷ ಎಲ್ಲರಿಗೂ ಅರಿವಾಯಿತು.

ಇನ್ನೊಂದು ಕಾಗದ ವೀಸಾ. ಗಲ್ಫಿನಲ್ಲಿ ಪಾಠ ಮಾಡುವ ಬಹಳಷ್ಟು ಹೆಂಗಸರು ಇರುವುದು ಗಂಡನ ಪ್ರಾಯೋಜಕತ್ವದ ವೀಸಾದಲ್ಲಿ. ಶಾಲೆಗೆ ಇದು ಲಾಭ: ಮನೆ ಕೊಡಬೇಕಿಲ್ಲ, ಟಿಕೆಟ್ ಕೊಡಬೇಕಿಲ್ಲ, 'ಹೇಗಿದ್ದರೂ ಗಂಡ ದುಡಿಯುತ್ತಾನಲ್ಲ' ಎಂಬ ಧೈರ್ಯದಲ್ಲಿ ಸಂಬಳವೂ ಕಡಿಮೆ. ಗಂಡನ ಕೆಲಸ ಹೋದ ದಿನ ಹೆಂಡತಿಯ ಕೆಲಸವೂ ಅಲ್ಲಾಡುತ್ತದೆ. ಸೌದಿಯಲ್ಲಿ 2017ರ ಜುಲೈಯಿಂದ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷವರ್ಷವೂ 100 ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಕುಟುಂಬಗಳು ಊರಿಗೆ ಮರಳಿದವು. ಮಕ್ಕಳ ಜೊತೆ ಟೀಚರುಗಳೂ. ನಮ್ಮ ಓಣಿಯ ನಾಲ್ವರಲ್ಲಿ ಒಬ್ಬರು ಹಾಗೆ ಬಂದವರು. ಸರ್ಕಾರದ ದಾಖಲೆಯಲ್ಲಿ ಅವರು 'ಅವಲಂಬಿತೆ'. ದಮ್ಮಾಮಿನಲ್ಲಿದ್ದಷ್ಟು ಕಾಲ ಮನೆ ಬಾಡಿಗೆ ಹೋಗುತ್ತಿದ್ದದ್ದು ಅವರ ಸಂಬಳದಿಂದ.

ಎದುರು ಮನೆ ಚೇಚಿಯ ಕುವೈತ್ ಕಾಲ ಮುಗಿದದ್ದು ಹೀಗೆ. ಇರಾಕ್ ಕುವೈತಿನ ಮೇಲೆ ನುಗ್ಗಿದ್ದು 1990ರ ಆಗಸ್ಟ್ 2ರಂದು. ಶಾಲೆಗೆ ರಜೆ; ಅವರು ಮಕ್ಕಳೊಂದಿಗೆ ಊರಿನಲ್ಲಿದ್ದರು, ಗಂಡ ಅಲ್ಲಿ. ಏರ್ ಇಂಡಿಯಾ ಅಮ್ಮಾನಿನಿಂದ ಸುಮಾರು 1.70 ಲಕ್ಷ ಭಾರತೀಯರನ್ನು ಕರೆತಂದ ಆ ದೊಡ್ಡ ಕಾರ್ಯಾಚರಣೆಯಲ್ಲಿ ಅವರ ಗಂಡನೂ ಬಂದಿಳಿದರು, ಕೈಯಲ್ಲಿ ಒಂದು ಚೀಲ. ಟೀಚರಿನ ನೇಮಕ ಪತ್ರ, ಅನುಭವ ಪತ್ರ ಎಲ್ಲ ಅಲ್ಲಿಯ ಫ್ಲ್ಯಾಟಿನಲ್ಲೇ ಉಳಿಯಿತು. ಯುದ್ಧದ ನಷ್ಟಕ್ಕೆ ವಿಶ್ವಸಂಸ್ಥೆಯ ಆಯೋಗದಿಂದ ಪರಿಹಾರವೇನೋ ಆಮೇಲೆ ಸಿಕ್ಕಿತು, ಆದರೆ ಆರು ವರ್ಷ ಪಾಠ ಮಾಡಿದ್ದಕ್ಕೆ ಸಾಕ್ಷಿ ಇಲ್ಲ. 1994ರಲ್ಲಿ ಯುಎಇಗೆ ಹೋದಾಗ ಹೊಸಬರ ಸಂಬಳದಿಂದಲೇ ಶುರು. ಮೂವತ್ತು ವರ್ಷದ ಮೇಲೆ ಇನ್ನೊಂದು ಓಟ: 2020ರ ಮೇ 7ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನಗಳಲ್ಲೊಂದು ಅಬುಧಾಬಿಯಿಂದ ಬಂದಿಳಿದದ್ದು ಇದೇ ನೆಡುಂಬಾಶ್ಶೇರಿಗೆ. ಹಾಗೆ ಬಂದು ಊರಿನ ಮನೆಯ ಮೇಲಿನ ಕೋಣೆಯಲ್ಲಿ ಕೂತು, ಅಲ್ಲಿಯ ಏಳೂವರೆಗೆ ಅಂದರೆ ಇಲ್ಲಿಯ ಒಂಬತ್ತಕ್ಕೆ, ಆನ್‌ಲೈನ್ ಪಾಠ ಮುಂದುವರಿಸಿದವರಿದ್ದರು. ಸಂಬಳ ಕತ್ತರಿಸಿಕೊಂಡೇ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಗಲ್ಫಿನ ಖಾಸಗಿ ಶಾಲೆಯ ಟೀಚರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಮಾತ್ರ. ಯುಎಇ ನಿಯಮದಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಗಮನಿಸಬೇಕಾದ್ದು: ಲೆಕ್ಕಕ್ಕೆ ಬರುವುದು ಬೇಸಿಕ್ ಸಂಬಳ ಮಾತ್ರ. ಚೇಚಿ 18 ವರ್ಷ ದುಡಿದು 2012ರಲ್ಲಿ ಬಿಟ್ಟಾಗ ಅವರ ಬೇಸಿಕ್ 2,000 ದಿರ್ಹಮ್. ಮೊದಲ 5 ವರ್ಷಕ್ಕೆ 105 ದಿನ, ಉಳಿದ 13 ವರ್ಷಕ್ಕೆ 390 ದಿನ, ಒಟ್ಟು 495 ದಿನ, 33,000 ದಿರ್ಹಮ್. ಆಗ ದಿರ್ಹಮಿಗೆ ಸುಮಾರು 15 ರೂಪಾಯಿ, ಅಂದರೆ 5 ಲಕ್ಷದ ಹತ್ತಿರ. 18 ವರ್ಷಕ್ಕೆ! ಅವರ ಜೊತೆ ಬಿ.ಎಡ್. ಮಾಡಿ ಇಲ್ಲೇ ಅನುದಾನಿತ ಶಾಲೆ ಸೇರಿದ ಗೆಳತಿ 56ಕ್ಕೆ ನಿವೃತ್ತರಾಗಿ ತಿಂಗಳು ತಿಂಗಳು ಪಿಂಚಣಿ ಎಣಿಸುತ್ತಿದ್ದಾರೆ. ಅಲ್ಲಿದ್ದಾಗ ಬಂದ ಸಂಬಳ ಏನಾಯಿತು ಎಂದು ಕೇಳಬಹುದು. ಬಾಡಿಗೆ, ಮಕ್ಕಳ ಓದು, ನಾದಿನಿಯ ಮದುವೆ, ಈ ಮನೆ.

ಮರಳಿ ಬಂದವರ ಅನುಭವಕ್ಕೆ ಊರಿನಲ್ಲಿ ಬೆಲೆ ಇಲ್ಲ. ಪಿಎಸ್‌ಸಿ ವಯಸ್ಸು ದಾಟಿರುತ್ತದೆ. ಆಲುವದ ಸುತ್ತಮುತ್ತ ಖಾಸಗಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ. ಆದರೆ ನಲವತ್ತೈದರ ಅನುಭವಿಗಿಂತ ಇಪ್ಪತ್ತೈದರ ಹೊಸಬಳನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವುದು ಅವಕ್ಕೆ ಸುಲಭ. ಹಾಗಾಗಿ ಟ್ಯೂಷನ್. ಸಂಜೆ ನಮ್ಮ ಓಣಿಯಲ್ಲಿ ನಡೆದರೆ ಮೂರು ಮನೆಯ ಸಿಟ್‌ಔಟಿನಲ್ಲಿ ಚಪ್ಪಲಿಗಳ ರಾಶಿ ಕಾಣುತ್ತದೆ. ಕೇರಳದಲ್ಲಿ ಪ್ರವಾಸಿ ಕ್ಷೇಮನಿಧಿ ಮಂಡಳಿ ಇದೆ, 2008ರ ಕಾಯಿದೆಯಿಂದ ಬಂದದ್ದು. ಕನಿಷ್ಠ 5 ವರ್ಷ ವಂತಿಗೆ ಕಟ್ಟಿದರೆ 60ರ ಮೇಲೆ ಪಿಂಚಣಿ. ಅದರಲ್ಲಿ ಸೇರಲು ಟೀಚರುಗಳಿಗೆ ಅಡ್ಡಿಯೇನೂ ಇಲ್ಲ. ಆದರೂ ನಮ್ಮ ಓಣಿಯ ನಾಲ್ವರಲ್ಲಿ ಸೇರಿದವರು ಒಬ್ಬರೇ. ಉಳಿದ ಮನೆಗಳಲ್ಲಿ ಸದಸ್ಯತ್ವ ಗಂಡನ ಹೆಸರಿನಲ್ಲಿದೆ. ಕಾಸರಗೋಡಿನ ಕನ್ನಡಿಗರೂ ಇದಕ್ಕೆ ಅರ್ಹರು ಎಂಬುದನ್ನು ಈ ಪತ್ರಿಕೆ ಓದುವ ನಮ್ಮ ಕಡೆಯವರು ನೆನಪಿಡಿ. ಕೇರಳದ ಹಾಗೆ ಅನಿವಾಸಿಗಳಿಗೆಂದೇ ಒಂದು ಸಚಿವಾಲಯ ಬೇಕೆಂದು ಗಲ್ಫ್ ಕನ್ನಡಿಗರು ಬೆಂಗಳೂರಿಗೆ ಮನವಿ ಕೊಡುತ್ತಲೇ ಇದ್ದಾರೆ.

ಭಾಷೆ ಕಲಿಸುವವರ ವಿಷಯದಲ್ಲೂ ಇದೇ ವ್ಯತ್ಯಾಸ. ಮಲಯಾಳಂ ಮಿಷನ್ ಎಂಬ ಸರ್ಕಾರಿ ಸಂಸ್ಥೆ 2009ರಿಂದ ಹೊರನಾಡಿನ ಮಕ್ಕಳಿಗೆ ಪಠ್ಯ, ಪರೀಕ್ಷೆ ಎಲ್ಲ ನಡೆಸುತ್ತಿದೆ. ದುಬೈಯಲ್ಲಿ ನಮ್ಮ ಕನ್ನಡ ಪಾಠಶಾಲೆ ನಡೆಯುತ್ತಿರುವುದು ಕನ್ನಡ ಮಿತ್ರರು ಬಳಗದ ಉತ್ಸಾಹದಿಂದ, ವಾರದ ರಜೆಯನ್ನು ಬಿಟ್ಟುಕೊಟ್ಟ ಗೃಹಿಣಿಯರ, ಟೀಚರುಗಳ ಉಚಿತ ದುಡಿಮೆಯಿಂದ. ಐದು ದಿನ ಸಂಬಳಕ್ಕೆ ಇಂಗ್ಲಿಷಿನಲ್ಲಿ ಪಾಠ ಮಾಡಿ ಆರನೇ ದಿನ 'ಅ ಆ ಇ ಈ' ಬರೆಸುವವರನ್ನು ನಾನು ಬಲ್ಲೆ. ಅವರ ಈ ಕೆಲಸ ಯಾವ ಗ್ರಾಚ್ಯುಟಿ ಲೆಕ್ಕದಲ್ಲೂ ಇಲ್ಲ.

ಇಷ್ಟೆಲ್ಲ ಯೋಚಿಸುವಂತಾದದ್ದು ಈ ವರ್ಷ ಅಣ್ಣನ ಮಗಳಿಗೆ ಯುಎಇಯ ಒಂದು ಶಾಲೆಯಿಂದ ಆಫರ್ ಲೆಟರ್ ಬಂದಾಗ. ಬಿ.ಎಡ್. ಆಗಿದೆ, ಕೆ-ಟೆಟ್ ಪಾಸಾಗಿದೆ, ಕುಂಬಳೆಯ ಹತ್ತಿರ ದಿನಗೂಲಿ ಲೆಕ್ಕದಲ್ಲಿ ಎರಡು ವರ್ಷ ಪಾಠ ಮಾಡಿದ್ದಾಳೆ. ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಲೆಟರನ್ನು ನನ್ನ ಮುಂದಿಟ್ಟಳು. ನಾನು ಅದನ್ನು ಚೇಚಿಯ ಮನೆಗೆ ಒಯ್ದೆ. ಒಟ್ಟು 3,500 ದಿರ್ಹಮ್ ಎಂದಿತ್ತು. ಚೇಚಿ ಒಟ್ಟು ಮೊತ್ತ ನೋಡಲೇ ಇಲ್ಲ. ಕನ್ನಡಕ ಏರಿಸಿ ಕೆಳಗಿನ ಸಾಲಿಗೆ ಹೋದರು. ಬೇಸಿಕ್ 1,200. ಉಳಿದ 2,300 ಭತ್ಯೆಗಳು.

'ಬೇಸಿಕ್ ಕಡಿಮೆಯಾದರೆ ಏನಾಯ್ತು ಅತ್ತೆ, ಕೈಗೆ ಬರುವುದು ಅಷ್ಟೇ ಅಲ್ವಾ?' ಎಂದಳು ಹುಡುಗಿ.

ಚೇಚಿ ಆಫರ್ ಲೆಟರಿನ ಹಿಂಬದಿಯಲ್ಲೇ ಪೆನ್ಸಿಲಿನಿಂದ ಲೆಕ್ಕ ಹಾಕಿದರು, ಹತ್ತು ವರ್ಷಕ್ಕೆ. 105 ಮತ್ತು 150, ಒಟ್ಟು 255 ದಿನ. 1,200 ಬೇಸಿಕ್ಕಿಗೆ ದಿನಕ್ಕೆ 40 ದಿರ್ಹಮ್, 10,200. ಅದೇ ಬೇಸಿಕ್ 2,100 ಇದ್ದರೆ ದಿನಕ್ಕೆ 70, 17,850. ಸಂಬಳ ಒಂದೇ, ಶಾಲೆಗೆ ತಿಂಗಳ ಖರ್ಚೂ ಒಂದೇ, ಕೊನೆಗೆ ಕೊಡುವುದು ಮಾತ್ರ ಬೇರೆ. ಲೆಕ್ಕದ ಕೆಳಗೆ ಎರಡು ಗೆರೆ ಎಳೆದು, ಹಳೇ ಅಭ್ಯಾಸ, ಹುಡುಗಿಯ ಕಡೆ ತಿರುಗಿಸಿದರು.

ಹುಡುಗಿ ಅಲ್ಲೇ ಕೂತು ಶಾಲೆಗೆ ಮೇಲ್ ಬರೆದಳು. ಬೇಸಿಕ್ 2,100 ಮಾಡಿಕೊಡಿ, ಒಟ್ಟು ಮೊತ್ತ ಬದಲಾಗುವುದು ಬೇಡ ಎಂದು. ಇಷ್ಟು ಕೇಳಿದರೆ ಕೆಲಸವೇ ಹೋದೀತೆಂದು ಅಣ್ಣ ಫೋನಿನಲ್ಲಿ ರೇಗಿದ. ನಾಲ್ಕು ದಿನ ಉತ್ತರ ಇರಲಿಲ್ಲ. ನನಗೂ ಒಳಗೊಳಗೆ ಅಳುಕು. ಐದನೇ ದಿನ ಬಂತು: 1,800 ಮಾಡುತ್ತೇವೆ, ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ವೀಸಾ ಶಾಲೆಯದ್ದೇ, ವರ್ಷಕ್ಕೊಂದು ಟಿಕೆಟ್. ಅವಳು ಒಪ್ಪಿದಳು.

ಆಗಸ್ಟ್ 24ಕ್ಕೆ ಟಿಕೆಟ್ ಆಗಿದೆ, ಮಂಗಳೂರಿನಿಂದ ದರ ಕೇಳಿ ಗಾಬರಿಯಾಗಿ ಇಲ್ಲಿಂದಲೇ. ಹಿಂದಿನ ದಿನ ಬಂದು ನಮ್ಮಲ್ಲಿ ಉಳಿಯುತ್ತಾಳೆ. ಏನೇನು ಒಯ್ಯಬೇಕೆಂದು ಚೇಚಿಯನ್ನು ಕೇಳಿದಾಗ ಅವರು ಚಿಪ್ಸಿನ, ಉಪ್ಪಿನಕಾಯಿಯ ಮಾತೆತ್ತಲಿಲ್ಲ. ಸರ್ಟಿಫಿಕೇಟುಗಳ ನಕಲು ಮೂರು ಸೆಟ್, ಒಂದು ಸೆಟ್ ಊರಿನಲ್ಲಿ ಅಮ್ಮನ ಬೀರುವಿನಲ್ಲಿ; ಮೂಲ ಪ್ರತಿ ತೋರಿಸು, ಯಾರ ಕೈಗೂ ಕೊಟ್ಟು ಬರಬೇಡ, ಎಂದರು. ಪ್ರತಿ ವರ್ಷ ಮಾರ್ಚಿನಲ್ಲಿ ಅನುಭವ ಪತ್ರ ಕೇಳಿ ತೆಗೆದುಕೋ, ಕೆಲಸ ಬಿಡುವಾಗ ಕೇಳಿದರಾಯಿತು ಎಂದು ಕೂರಬೇಡ ಎಂದೂ ಹೇಳಿದರು. ಹುಡುಗಿ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು.